ಅಮ್ಮನ ಸಿಟ್ಟಿನ ಪ್ರಾರ್ಥನೆ

ಮೊನ್ನೆ ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿದಾಗ ಪಕ್ಕದಲ್ಲಿ ನಿಂತಿದ್ದವರ ಅಂಗಿಯಿಂದ ಲೇತ್ ಮೆಷಿನ್ನಿನ ಎಣ್ಣೆಯ ವಾಸನೆ ಬಂತು. ಕಾದ ಕಬ್ಬಿಣದೊಡನೆ ಬೆರೆತ, ತುಸು ಹುಳಿಯಾದ ವಾಸನೆ. ಇಳಿಯಬೇಕಾದ ಸ್ಟೇಷನ್ ದಾಟಿಹೋದರೂ ನಾನು ಇಳಿಯಲಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ಅಪ್ಪ ಆ ವಾಸನೆಯನ್ನೇ ಮನೆಗೆ ಹೊತ್ತು ತರುತ್ತಿದ್ದರು. ಗೌಡರ ವಠಾರದಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಪ್ಪ ಕೈಕಾಲು ತೊಳೆದು ಬಂದೊಡನೆ ಚಾಪೆ ಹಾಸಿ ಸಂಜೆಯ ಪ್ರಾರ್ಥನೆ. ಅಮ್ಮನೇ ನಡೆಸುತ್ತಿದ್ದಳು. ಒಬ್ಬೊಬ್ಬರ ಹೆಸರನ್ನೂ ಹಿಡಿದು ಬೇಡುತ್ತಿದ್ದಳು. ಕೊನೆಯದು ನನ್ನ ತಮ್ಮ ಸ್ಯಾಮುಯೇಲನ ಹೆಸರು. ಅದು ಬಂದದ್ದೇ ತಡ, ಪ್ರಾರ್ಥನೆ ಮುಗಿಯುವ ಮೊದಲೇ ಅವನು 'ಆಮೆನ್' ಎಂದು ಕೂಗಿಬಿಡುತ್ತಿದ್ದ.

ಒಂದು ಮಳೆಗಾಲ ಡೆಂಗಿ ಜ್ವರ ಬಂದು ಅವನು ತೀರಿಕೊಂಡ. ಇನ್ನೂ ಶಾಲೆಗೆ ಸೇರಿರಲಿಲ್ಲ. ಸಮಾಧಾನ ಹೇಳಲು ಬಂದ ಪಾದ್ರಿಗಳು "ಎಲ್ಲಾ ದೇವರ ಚಿತ್ತ, ತಾಯಿ" ಎಂದಾಗ ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಅಂದಿನಿಂದ ಪ್ರಾರ್ಥನೆಯ ಹೊತ್ತಿಗೆ ಅಲ್ಲೇ, ನಮ್ಮತ್ತ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಅಪ್ಪ ಬಾಯಿಪಾಠವಾಗಿದ್ದ ಪ್ರಾರ್ಥನೆಯೊಂದನ್ನು ಮೆಲ್ಲಗೆ ಹೇಳಿ ಮುಗಿಸುತ್ತಿದ್ದರು. ಯಾರ ಪಕ್ಕ ಇರಬೇಕೆಂದು ತಿಳಿಯದ ನನಗೆ ಆ ಪುಟ್ಟ ಮನೆಯೇ ವಿಪರೀತ ದೊಡ್ಡದಾಗಿ ತೋರುತ್ತಿತ್ತು.

ಕ್ರಿಸ್‌ಮಸ್ ಹತ್ತಿರವಾದ ಒಂದು ಸಂಜೆ ಅಪ್ಪ ಮೊದಲ ಬಾರಿ ಹೆಸರು ಹಿಡಿದು ಬೇಡಿಕೊಂಡರು. ಅಮ್ಮನದಾಯಿತು, ನನ್ನದಾಯಿತು. ಅಲ್ಲಿಗೇ ನಿಲ್ಲಿಸಿದರು.

"ಅವನ ಹೆಸರು ಯಾಕ್ರೀ ಬಿಟ್ರಿ?" ಅಡುಗೆಮನೆಯಿಂದ ಅಮ್ಮನ ದನಿ.

"ಹೋದೋರಿಗೋಸ್ಕರ ಬೇಡ್ಕೊಳ್ಳೋ ರೂಢಿ ನಮ್ಮಲ್ಲಿಲ್ಲ ಕಣೇ" ಎಂದರು ಅಪ್ಪ.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಚಾಪೆಯ ಮೇಲೆ ಕುಳಿತಳು. ಕಣ್ಣು ಮುಚ್ಚಲಿಲ್ಲ. "ದೇವ್ರೇ, ನಿನ್ ಮೇಲೆ ನಂಗೆ ಸಿಟ್ಟಿದೆ. ಆದ್ರೆ ಮಗು ನಿನ್ ಹತ್ರಾನೇ ಇದೆ, ಇನ್ಯಾರನ್ನ ಕೇಳ್ಲಿ? ಅವನಿಗೆ ಕತ್ತಲು ಅಂದ್ರೆ ಭಯ. ನಿದ್ದೆ ಬರೋವರ್ಗೂ ಪಕ್ಕದಲ್ಲೇ ಇರು" ಎಂದಳು.

ಅಲ್ಲಿಂದ ಮುಂದೆ ಅವಳು ಒಂದು ಸಂಜೆಯೂ ತಪ್ಪಿಸಲಿಲ್ಲ. ಅಪ್ಪ ಹೋದರು. ವಠಾರ ಕೆಡವಿ ಪೀಜಿ ಹಾಸ್ಟೆಲ್ ಕಟ್ಟಿದರು. ಚಿಕ್ಕಬಾಣಾವರದ ಬಾಡಿಗೆ ಮನೆಯಲ್ಲಿ ನಾನೂ ಅಮ್ಮನೂ ಉಳಿದೆವು. ಅವಳು ಹಾಸಿಗೆ ಹಿಡಿದಿದ್ದಾಗ ಕೇಳಿದೆ, "ದೇವರ ಮೇಲಿನ ಸಿಟ್ಟು ಹೋಯ್ತಾಮ್ಮ?"

"ಎಲ್ಲಿ ಹೋಗುತ್ತೆ? ಆದ್ರೆ ನಾನು ಅಷ್ಟು ಬೈದ್ರೂ ಅವನು ಎದ್ದು ಹೋಗ್ಲಿಲ್ಲ ಕಣೇ. ಕೂತು ಕೇಳಿಸ್ಕೊಂಡ. ಇನ್ನೇನು, ಹೋಗಿ ಮಗನ್ನ ನೋಡ್ತೀನಲ್ಲ."

ನೋಡಿದಳೆಂದೇ ನಂಬಿದ್ದೇನೆ. ಆದರೂ ಸಂಜೆ ಬೀಗ ತೆಗೆದಾಗ, 'ಬಂದ್ಯಾ' ಅನ್ನುವ ಅಮ್ಮನ ದನಿ ಕೇಳೀತೆಂದು ಬಾಗಿಲಲ್ಲೇ ಒಂದು ಗಳಿಗೆ ನಿಂತುಬಿಡುತ್ತೇನೆ.