ಮೂರ್ಛೆ ಹೋಗುವ ನಾಯಕಿಯರೂ ನಮ್ಮ ಸುಮಿತ್ರಾಬಾಯಿಯವರೂ

ಅಪ್ಪನ ಹೊಲದಲ್ಲಿನ ನನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಡುವ ಹಕ್ಕಸೋಡ ಪತ್ರಕ್ಕೆ ಸಹಿ ಮಾಡಲು ಅಕ್ಕಲಕೋಟದ ರಜಿಸ್ಟ್ರಿ ಆಫೀಸಿಗೆ ಹೋಗಬೇಕಾದ ದಿನ ಏನೇನು ಕೆಡಬಹುದು ಎಂಬ ಪಟ್ಟಿ ಹಿಂದಿನ ವಾರವೇ ನನ್ನ ತಲೆಯಲ್ಲಿ ತಯಾರಾಗಿತ್ತು. ಸೋಲಾಪುರದಿಂದ ಹೊರಟ ಎಸ್‌ಟಿ ಬಸ್ಸು ನಡುದಾರಿಯಲ್ಲಿ ನಿಲ್ಲಬಹುದು. ಕಂಪ್ಯೂಟರು ನನ್ನ ಹೆಬ್ಬೆರಳನ್ನು ನನ್ನದಲ್ಲ ಅನ್ನಬಹುದು. ತಮ್ಮ ಎಲ್ಲರೆದುರು ಅತ್ತುಬಿಡಬಹುದು. ಅವನು ಅಳದಿದ್ದರೆ ನಾನೇ ಅಳಬಹುದು. ಅವ್ವನ ಬಿಪಿ ಏರಬಹುದು. ಅದನ್ನು ನೆನೆದು ನನ್ನದೂ ಏರಬಹುದು. ಸಹಿ ಮಾಡದಿದ್ದರೆ ತವರು ತಪ್ಪಬಹುದು. ಅದಕ್ಕೆ ಅಂಜಿ ನಾನು ಸಹಿ ಮಾಡಿಯೇ ಬಿಡಬಹುದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನಾನಲ್ಲಿ ಮೂರ್ಛೆ ಬೀಳಬಹುದು, ಆ ಸುದ್ದಿ ಎರಡು ಓಣಿ ಆಚೆಗಿದ್ದ ಸುಮಿತ್ರಾಬಾಯಿಯವರ ಕಿವಿಗೆ ಬೀಳಬಹುದು.

ಮೂರ್ಛೆ ಬೀಳುವ ಹೆಂಗಸರನ್ನು ಕಂಡರೆ ಬಾಯಿಯವರಿಗೆ ಆಗುತ್ತಿರಲಿಲ್ಲ. ಅವರ ಕಪಾಟಿನಲ್ಲಿದ್ದುದು ಮಾತ್ರ ಅಂಥವರೇ. ಸೋಲಾಪುರದ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಬಾಯಿಯವರು ಹಳೆಯ ಗಾಥಿಕ್ ಕಾದಂಬರಿಗಳನ್ನು ರಾಶಿ ಹಾಕಿಕೊಂಡಿದ್ದರು. ಹಾಳು ಕೋಟೆ, ಮುಚ್ಚಿದ ಕೋಣೆ, ಗಾಳಿಗೆ ಆರುವ ಮೇಣಬತ್ತಿ, ಬೆಳ್ಳಗಿನ ನಿಲುವಂಗಿ ತೊಟ್ಟ ಒಬ್ಬ ಹುಡುಗಿ. ಅಕ್ಕಲಕೋಟದಿಂದ ದಿನಾ ಬಸ್ಸಿನಲ್ಲಿ ಬರುವಾಗ ಮಡಿಲಲ್ಲಿ ಹುರಿದ ಶೇಂಗಾ, ಕೈಯಲ್ಲಿ ಒಂದು ಕಾದಂಬರಿ. ನಾಯಕಿ ಒಮ್ಮೆ ಮೂರ್ಛೆ ಹೋದರೆ ಆ ಹಾಳೆಯ ತುದಿ ಮಡಚುತ್ತಿದ್ದರು. ಎರಡನೆಯ ಸಲ ಹೋದರೆ ಅಂಚಿನಲ್ಲಿ ನೀಲಿ ಪೆನ್ಸಿಲಿನಿಂದ ಕನ್ನಡದಲ್ಲಿ 'ಹುಚ್ಚ ಖೋಡಿ' ಎಂದು ಬರೆಯುತ್ತಿದ್ದರು. ಮಡಿಕೆ ಬಿದ್ದೂ ಬಿದ್ದೂ ಅವರ ಪುಸ್ತಕಗಳು ಮಳೆಯಲ್ಲಿ ನೆನೆದು ಒಣಗಿದ ಹಾಗೆ ಉಬ್ಬಿರುತ್ತಿದ್ದವು. ಇಷ್ಟು ಬೈಯುವವರು ಮತ್ತೆ ಮತ್ತೆ ಅವನ್ನೇ ಯಾಕೆ ಓದುತ್ತಾರೆ ಎಂದು ಕೇಳುವ ಧೈರ್ಯ ನಮ್ಮ ಕ್ಲಾಸಿನಲ್ಲಿ ಯಾರಿಗೂ ಇರಲಿಲ್ಲ. ನನಗಂತೂ ಹಾಜರಿ ಕರೆದಾಗ ಓಗೊಡುವುದಕ್ಕೂ ಧೈರ್ಯ ಸಾಲುತ್ತಿರಲಿಲ್ಲ.

ಎಂ.ಎ. ಓದುವಾಗ ನಾನು ಗಾಥಿಕ್ ಕಾದಂಬರಿಗಳ ಗಟ್ಟಿಗಿತ್ತಿಯರ ಬಗ್ಗೆ ಒಂದು ಪ್ರಬಂಧ ಬರೆದೆ. ನಾಯಕಿ ಒಬ್ಬಳೇ ದೀಪ ಹಿಡಿದು ನೆಲಮಾಳಿಗೆಗೆ ಇಳಿಯುತ್ತಾಳಲ್ಲ, ಅದು ಸ್ವಾತಂತ್ರ್ಯದ ಕಡೆಗೆ ಹೆಣ್ಣಿನ ಮೊದಲ ಹೆಜ್ಜೆ ಎಂದು ಗೀಚಿದ್ದೆ. ಬಾಯಿಯವರು ಅದನ್ನು ಸ್ಟಾಫ್ ರೂಮಿನಲ್ಲಿ, ಇನ್ನೂ ನಾಲ್ವರು ಕೇಳುವಂತೆ, ಓದಿದರು.

"ನಿಮ್ಮ ಮನ್ಯಾಗ ಕೆಳಗ ಸಪ್ಪಳಾತಂದ್ರ ನೀ ಏನ ಮಾಡ್ತಿ?"

"ಯಾರನರೆ ಎಬ್ಬಿಸ್ತೀನ್ರಿ, ಬಾಯಾರ."

"ಹಂಗಾರ ನಿನಗ ಇರೂವಷ್ಟು ಬುದ್ಧಿ ಈಕಿಗಿಲ್ಲ. ಈಕಿನ್ನ ಗಟ್ಟಿಗಿತ್ತಿ ಅಂತ ಬರದಿ. ಅಡಿಗಿಯಾಕಿ ಅದಾಳ, ಕೂಗಿ ಎಬ್ಬಿಸಲಿ. ಇಲ್ಲಂದ್ರ ಮುಂಜಾನಿ ಹೋಗಿ ನೋಡ್ಲಿ. ಮಾಳಗಿ ಎಲ್ಲೆ ಓಡಿ ಹೋಗ್ತದ?"

ನಾಲ್ವರೂ ನಕ್ಕರು. ಅವರು ಹೋದ ಮೇಲೆ ಬಾಯಿಯವರು ಪ್ರಬಂಧವನ್ನು ನನ್ನ ಕಡೆ ತಳ್ಳಿ, ದನಿ ತಗ್ಗಿಸದೆಯೇ ಹೇಳಿದರು. "ದೆವ್ವ ಬಿಡು, ಅದು ಓದಾವರ ಸಲುವಾಗಿ. ಆ ಕೋಟ್ಯಾಗ ಮಾವ ಅಂತ ಒಬ್ಬಾಂವ ಇರ್ತಾನ ನೋಡು, ಆಕಿನ್ನ ಯಾಕ ಕೂಡಿ ಹಾಕಿರ್ತಾನ? ಆಕಿ ಆಸ್ತಿ ಕಾಗದದ ಮ್ಯಾಲ ಆಕಿ ಸಹಿ ಬೇಕಾಗಿರ್ತದ. ಅಷ್ಟs ಕಥಿ. ಈ ಹುಚ್ಚ ಖೋಡಿ ಪರದೆ ಅಳ್ಳಾಡಿದ್ರ ಅಂಜತಾಳ, ಕಾಗದಕ್ಕ ಅಂಜಂಗಿಲ್ಲ. ಅಂಜೂದು ತಪ್ಪಲ್ಲ. ಎಲ್ಲೆ ಅಂಜಬೇಕು ಅಲ್ಲೆ ಅಂಜಬೇಕು."

ಮುಂದೆ ಒಂದು ವಿಚಾರ ಸಂಕಿರಣದಲ್ಲಿ ಹೊರಗಿನಿಂದ ಬಂದ ಪ್ರಾಧ್ಯಾಪಕರೊಬ್ಬರು ಇದೇ ನಾಯಕಿಯರನ್ನು ವಿದ್ರೋಹದ ಜ್ವಾಲೆಗಳು ಎಂದು ಒಂದು ತಾಸು ಹೊಗಳಿದರು. ಮೊದಲ ಸಾಲಿನಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ ಬಾಯಿಯವರು ಎದ್ದು ಒಂದೇ ಪ್ರಶ್ನೆ ಕೇಳಿದರು: "ನೀವು ಹೇಳಿದ ಆರು ಮಂದಿ ಒಳಗ ಕಡೀಕ ಯಾರ ಕೈಯಾಗ ಮನಿ ಕೀಲಿ ಉಳೀತು, ಅಷ್ಟು ಹೇಳ್ರಿ." ಪ್ರಾಧ್ಯಾಪಕರು ನೀರು ಕುಡಿದರು. ಐವರಿಗೆ ಮದುವೆಯಾಗಿತ್ತು, ಒಬ್ಬಳು ಸತ್ತಿದ್ದಳು. ಆಮೇಲೆ ಊಟದ ಸಾಲಿನಲ್ಲಿ ಅವರು ಬಾಯಿಯವರಿಂದ ದೂರ ನಿಂತದ್ದನ್ನು ನಾನು ನೋಡಿದೆ. ಹಾಗೆ ನಿಲ್ಲುವುದನ್ನು ನಾನೂ ಬಲ್ಲೆ.

ನಾನು ಕಾದಂಬರಿಗಳನ್ನು ಬಿಟ್ಟು ಸೋಲಾಪುರದ ಒಂದು ಆಫೀಸಿನಲ್ಲಿ ಗುಮಾಸ್ತೆಯಾದೆ. ಬೇರೆಯವರ ಕಾಗದಕ್ಕೆ ಶಿಕ್ಕಾ ಒತ್ತುತ್ತಾ ಐವತ್ತಕ್ಕೆ ಬಂದೆ. ಅಪ್ಪ ತೀರಿಕೊಂಡ ವರ್ಷದೊಳಗೆ ತವರೂರು ಮೈಂದರ್ಗಿಯಿಂದ ತಮ್ಮ ಶಿವಾನಂದ ಫೋನ್ ಮಾಡಿದ. "ಅಕ್ಕಾ, ಆ ಕಾಗದ ಒಂದು ಮಾಡಿ ಮುಗಿಸೂಣು. ಸವಿತಾ ನಿನಗ ಸೀರಿ ತಂದಾಳ." ಸವಿತಾ ಅವನ ಹೆಂಡತಿ. ನಮ್ಮಲ್ಲಿ ಇದು ಜಗಳದ ವಿಷಯವೇ ಅಲ್ಲ. ಅಕ್ಕತಂಗಿಯರು ಬರುತ್ತಾರೆ, ಸಹಿ ಮಾಡುತ್ತಾರೆ, ಹೋಳಿಗೆ ಉಣ್ಣುತ್ತಾರೆ, ಸೀರೆ ಉಟ್ಟು ಹೋಗುತ್ತಾರೆ. ಮಾಡದವಳ ಹೆಸರನ್ನು ಮುಂದಿನ ಮದುವೆಯ ಪತ್ರಿಕೆಯಲ್ಲಿ ಹುಡುಕಬೇಕಾಗುತ್ತದೆ. ನನಗೆ ಪಾಲು ಬೇಕಿತ್ತು. ಬೇಕು ಎಂದು ಹೇಳುವ ಬಾಯಿ ಮಾತ್ರ ಇರಲಿಲ್ಲ. ಬಯ್ಯಿಸಿಕೊಂಡರೆ ಧೈರ್ಯ ಬರಬಹುದೆಂದು ಸುಮಿತ್ರಾಬಾಯಿಯವರ ಮನೆಗೆ ಹೋದೆ.

ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಅಕ್ಕಲಕೋಟದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಯಾತ್ರೆಗೆ ಬಂದವರು ಬಾಗಿಲು ತಟ್ಟಿ ನೀರು ಕೇಳಿದರೆ ಬಯ್ಯುತ್ತಲೇ ಕೊಡುತ್ತಿದ್ದರು. ನನ್ನ ಮಾತು ಕೇಳಿ ಅವರು ಬಯ್ಯಲಿಲ್ಲ.

"ನಾ ಮಾಡೀನಿ ಸಹಿ," ಅಂದರು.

ಯಾವ ಸಹಿ ಎಂದು ಕೇಳಿದೆ.

"ನೌಕರಿ ಹತ್ತಿದ ವರ್ಷ. ನಿನಗ್ಯಾಕ ಬೇಕವ್ವಾ ಹೊಲಾ, ಪಗಾರ ಬರ್ತದಲ್ಲ ಅಂದ್ರು. ಹಸರ ಸೀರಿ ಕೊಟ್ರು. ಅಣ್ಣನ ಪೆನ್ನು ನಡೀಲಿಲ್ಲ. ನನ್ನ ಪರ್ಸನ್ಯಾಗಿಂದ ನಾನs ತಗದು ಕೊಟ್ಟೆ." ಶೇಂಗಾದ ಸಿಪ್ಪೆಯನ್ನು ಅಂಗೈಯಲ್ಲಿ ಉಜ್ಜಿ ಊದಿದರು. "ಮೂರ್ಛಿ ಹೋಗಿದ್ರ ಚೊಲೋ ಇತ್ತು. ಒಂದು ದಿನಾ ಆದ್ರೂ ಮುಂದ ಹೋಗತಿತ್ತು."

ಆ ಉಬ್ಬಿದ ಪುಸ್ತಕಗಳ ಅಂಚಿನಲ್ಲಿ ಯಾರನ್ನು ಬಯ್ದಿದ್ದರೋ ಎಂದು ನನಗೆ ಆಗ ಅನಿಸಿತು. "ನಾ ಏನ ಮಾಡ್ಲಿರಿ?" ಅಂದೆ.

"ನನ್ನ ಕೇಳಬ್ಯಾಡ. ನಾ ಹೇಳಿದಂಗ ಕೇಳಿದ್ರ ನೀ ಆ ಕಾದಂಬರಿ ಹುಚ್ಚ ಖೋಡಿಗಿಂತಾ ಶಾಣ್ಯಾಕಿ ಹೆಂಗ ಆಗ್ತಿ?"

ರಜಿಸ್ಟ್ರಿಯ ದಿನ ಬಸ್ಸಿನಿಂದ ಹೆಬ್ಬೆರಳಿನವರೆಗೆ ಎಲ್ಲವೂ ಸರಿಯಾಗಿತ್ತು. ಆಫೀಸಿನ ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ. ನಮ್ಮವನ್ನೂ ಬಿಟ್ಟು ಒಳಗೆ ಹೋದೆವು. ನನ್ನ ಪಕ್ಕದಲ್ಲಿ ಶಿವಾನಂದ, ಅವನ ಪಕ್ಕದಲ್ಲಿ ಸವಿತಾ, ಅವಳ ಮಡಿಲಲ್ಲಿ ಸೀರೆಯ ಚೀಲ. ಅಂಜಿಕೆಗೆ ನಾನು ಕಾಗದದ ಒಂದೊಂದು ಸಾಲಿನ ಅರ್ಥ ಕೇಳತೊಡಗಿದೆ. ಮುಂದೆ ನನಗೆ ಕಷ್ಟ ಬಂದರೆ? ಹೊಲ ಮಾರಿದರೆ? ನಾನು ಸತ್ತರೆ? ಶಿವಾನಂದ ಗಾಡಿಯ ಚಾವಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಬೇಸತ್ತ ರಜಿಸ್ಟ್ರಾರ್ ಸಾಹೇಬರು ಕೊನೆಗೆ ತಮ್ಮ ಮಾಮೂಲಿ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಿದರು: "ಸ್ವಖುಷೀನಂ ದೇತಾಯ ನಾ, ತಾಈ?" ಸ್ವಂತ ಖುಷಿಯಿಂದ ಕೊಡುತ್ತಿದ್ದೀರಲ್ಲ? ಹೌದು ಅನ್ನಲಿಕ್ಕೆ ತಲೆ ಅಲ್ಲಾಡಿಸಿದರೆ ಸಾಕಿತ್ತು.

"ಇಲ್ಲ್ರಿ," ಅಂದೆ. ಕನ್ನಡದಲ್ಲಿ, ಬಹಳ ಸಣ್ಣಗೆ.

"ಏನಂದಿ ಅಕ್ಕಾ?"

"ನನ್ನ ಪಾಲು ನನ್ನ ಹೆಸರ್ಲೆ ಇರ್ಲೋ ಶಿವು. ನೀನs ಬಿತ್ತು, ನೀನs ಬೆಳಿ. ಕಾಗದಾ ಮಾತ್ರ ಬ್ಯಾಡ."

ಅವನು ಅಳಲಿಲ್ಲ, ಕೂಗಲಿಲ್ಲ. ಚಾವಿಯನ್ನು ಜೇಬಿಗೆ ಹಾಕಿದ. "ಇದನ್ನ ಫೋನಿನ್ಯಾಗ ಹೇಳಿದ್ರ ನನಗ ಒಂದು ದಿನದ ಕೆಲಸಾ ಉಳೀತಿತ್ತು," ಅಂದ. ಅವನು ಇನ್ನೊಂದು ಮಾತು ಆಡುವ ಮೊದಲೇ ಹೊರಬಿದ್ದೆ. ಓಡಿಹೋದೆ ಎಂದರೂ ತಪ್ಪಿಲ್ಲ.

ಬಾಯಿಯವರ ಬಾಗಿಲಲ್ಲಿ ನಿಂತು, "ಸಹಿ ಮಾಡ್ಲಿಲ್ರಿ," ಅಂದೆ.

"ಹೂಂ. ಶಾಲು ಹೊದಸಬೇಕೇನು?" ಅವರ ಕಣ್ಣು ನನ್ನ ಮೋರೆಯ ಮೇಲಿರಲಿಲ್ಲ, ಕಾಲ ಮೇಲಿತ್ತು. "ಯಾರ ಚಪ್ಪಲಿ ಅವು?"

ನನ್ನ ಹಿಮ್ಮಡಿ ಎರಡು ಬೆರಳು ಹೊರಗಿತ್ತು. ಗಡಿಬಿಡಿಯಲ್ಲಿ ಸವಿತಾಳ ಚಪ್ಪಲಿ ಮೆಟ್ಟಿ ಬಂದಿದ್ದೆ. ಅಷ್ಟರಲ್ಲಿ ಅವಳದೇ ಫೋನ್ ಬಂತು. "ಅಕ್ಕಾರ, ನಿಮ್ಮವು ನನ್ನ ಕಾಲಾಗ ದೋಣಿ ಆಗ್ಯಾವ್ರಿ. ಐತವಾರ ಊಟಕ್ಕ ಬರ್ರಿ, ಬದಲ ಮಾಡಿಕೊಂಡು ಹೋಗೂರಂತ." ಸ್ವಲ್ಪ ತಡೆದು, "ಇವರು ಸಿಟ್ಟನ್ಯಾಗ ಅದಾರ. ಆದ್ರೂ ಬರ್ರಿ," ಅಂದಳು.

"ಆ ಹುಡುಗೀನೂ ತನ್ನ ತವರಮನ್ಯಾಗ ಸಹಿ ಮಾಡಿ ಬಂದಿರಬೇಕು," ಅಂದರು ಎಲ್ಲ ಕೇಳಿಸಿಕೊಂಡ ಬಾಯಿಯವರು. ಒಳಗೆ ಹೋಗಿ ತಮ್ಮ ಕಂದು ಚಪ್ಪಲಿಗಳನ್ನು ತಂದು ನನ್ನೆದುರು ಒಗೆದರು. "ಇವನ್ನ ಮೆಟ್ಟು. ಆಕೀವು ಚೀಲದಾಗ ಹಾಕು, ಹರೀತಾವ. ಹೋಗು, ಬಸ್ ತಪ್ಪತದ. ಬರೂ ವಾರ ತಂದು ಕೊಡು. ಮರತಿ ಅಂದ್ರ ನೋಡು."

ಐತವಾರ ಮೈಂದರ್ಗಿಗೆ ಹೋದೆ. ಶಿವಾನಂದ ಮಾತಾಡಲಿಲ್ಲ, ಆದರೆ ಎದುರಿಗೆ ಕೂತೇ ಉಂಡ. ಸವಿತಾ ನನ್ನ ಚಪ್ಪಲಿಯ ಧೂಳು ಒರೆಸಿ ಇಟ್ಟಿದ್ದಳು. ಬುಧವಾರ ಮಧ್ಯಾಹ್ನ ಉಂಡು ಮಲಗಿದ ಸುಮಿತ್ರಾಬಾಯಿಯವರು ಏಳಲಿಲ್ಲ. ಬಿರುಗಾಳಿ ಇರಲಿಲ್ಲ, ಆರುವ ದೀಪ ಇರಲಿಲ್ಲ, ಯಾರೂ ಚೀರಲಿಲ್ಲ. ಗಾಥಿಕ್ ಲೇಖಕನೊಬ್ಬ ನಾಚಿಕೊಂಡು ಹರಿದು ಹಾಕುವಂಥ ಸಾವು.

ನಾನು ಅಷ್ಟು ಅಂಜಿದ್ದ ದಿನ ಕೆಟ್ಟದ್ದು ಒಂದೇ, ಚಪ್ಪಲಿ ಅದಲುಬದಲಾದದ್ದು. ಸವಿತಾಳವು ಅವಳಿಗೆ ಮುಟ್ಟಿದವು, ನನ್ನವು ನನಗೆ ಬಂದವು. ಮೂರನೆಯ ಜೋಡಿ ಮಾತ್ರ ನಮ್ಮ ಬಾಗಿಲ ಪಕ್ಕದಲ್ಲಿದೆ, ತೊಳೆದು ಒರೆಸಿ ಇಟ್ಟಿದ್ದೇನೆ. ಯಾರಿಗೆ ಕೊಟ್ಟು ಬರುವುದೋ ತಿಳಿಯುತ್ತಿಲ್ಲ.