ಬರ್ರಿ ತೋ

ವಾಡಿಯ ಸಿಮೆಂಟ್ ಕಾರ್ಖಾನೆಯ ಸ್ಟೋರಿನಲ್ಲಿ ಹದಿನೆಂಟು ವರ್ಷ ನನ್ನ ಎದುರು ಮೇಜಿಗೆ ಕೂತವನು ಪ್ರಾಣೇಶ. ನಮ್ಮ ಉರ್ದು ಕೇಳಿ ಕೇಳಿ ಅವನ ಕನ್ನಡಕ್ಕೊಂದು ಬಾಲ ಬಂದಿತ್ತು. ಕುಂದ್ರಿ ತೋ, ಕೊಡ್ರಿ ತೋ, ಸಹಿ ಮಾಡ್ರಿ ತೋ! ಕಾಲೊನಿಯಲ್ಲಿ ಎಲ್ಲರಿಗೂ ಅವನು ತೋ ಪ್ರಾಣೇಶ. ಆ ಹೆಸರಿಟ್ಟ ಪುಣ್ಯಾತ್ಮ ನಾನೇ, ಪಕ್ಕದ ಕ್ವಾರ್ಟರ್ಸಿನ ಮುಜಾಹಿದ್.

ತೊಂಬತ್ತೊಂಬತ್ತರಲ್ಲಿ ಬಾತ್ರಾ ಎಂಬ ಹೊಸ ಜನರಲ್ ಮ್ಯಾನೇಜರ್ ಬಂದರು. ಮೆಕ್ಸಿಕೊ ದೇಶದಲ್ಲಿ ಎರಡು ವರ್ಷ ಇದ್ದು ಬಂದ ಸಾಹೇಬರು. ಕೆಲವೇ ದಿನಗಳಲ್ಲಿ ಸುದ್ದಿ ಹಬ್ಬಿತು: ಸ್ಟೋರಿನಿಂದ ಒಬ್ಬನನ್ನು ರಾಜಸ್ಥಾನದ ಘಟಕಕ್ಕೆ ವರ್ಗ ಮಾಡುತ್ತಾರಂತೆ, ಪಟ್ಟಿಯಲ್ಲಿ ಪ್ರಾಣೇಶನ ಹೆಸರೇ ಮೊದಲಂತೆ. ಅವನಿಗೆ ಹೆದರಿಕೆಯಾಯಿತು, ಅವನ ಹೆಂಡತಿ ನರ್ಮದಾ ವೈನಿಗೆ ಇನ್ನೂ ಹೆಚ್ಚು. ಊರಿನ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಅವರು ಮುಂದಿನ ಜೂನಿಗೆ ಹೆಡ್‌ಮಿಸ್ ಆಗುವವರಿದ್ದರು. ಹದಿನಾರು ವರ್ಷದ ನೌಕರಿ ಬಿಟ್ಟು ಮರಳುಗಾಡಿಗೆ ಹೋಗಿ ಏನು ಮಾಡಬೇಕು, ಒಂಟೆಗೆ ಮಗ್ಗಿ ಕಲಿಸಬೇಕೇ?

ಗೋಗರೆಯಲೆಂದೇ ಪ್ರಾಣೇಶ ಸಾಹೇಬರ ಕೋಣೆಗೆ ಹೋದ. ಧೈರ್ಯಕ್ಕೆ ನಾನೂ ಹಿಂದೆ ನಿಂತೆ. ಸಾಹೇಬರ ಮುಖ ನೋಡಿದ್ದೇ ಮಾತು ಮರೆತ. ಕೊನೆಗೆ ಬಾಯಿಗೆ ಬಂದದ್ದು ಬರೀ ಉಪಚಾರದ ಮಾತು: "ಸರ್, ಒಮ್ಮೆ ನಮ್ಮ ಮನಿಗಿ... ಬರ್ರಿ ತೋ!"

ಕನ್ನಡದ ಗಂಧವಿಲ್ಲದ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಬರಿಟೋ? ತುಮ್ಹಾರೇ ಘರ್ ಮೇ? ಶನಿವಾರ್ ಪಕ್ಕಾ! ಬಾದ್ ಮೇ ಕಾಕ್‌ಟೇಲ್!"

ಬರಿಟೋ ಎಂದರೆ ಮೆಕ್ಸಿಕೊದವರ ತಿಂಡಿ ಎಂದು ನಮಗೆ ತಿಳಿದದ್ದು ಎಸ್‌ಟಿಡಿ ಬೂತಿನಲ್ಲಿ. ದುಬೈ ಹೋಟೆಲಿನಲ್ಲಿ ಕೆಲಸಕ್ಕಿದ್ದ ನನ್ನ ಭಾವಮೈದ ಫೋನಿನಲ್ಲಿ ಹೇಳಿದ: ತೆಳು ರೊಟ್ಟಿ, ಒಳಗೆ ಕಾಳು, ಟೊಮ್ಯಾಟೊ ಚಟ್ನಿ, ಸುತ್ತಿ ಕೊಡುವುದು. ಕಾಕ್‌ಟೇಲಿಗೆ ನಿಂಬೆರಸ, ಗ್ಲಾಸಿನ ಅಂಚಿಗೆ ಉಪ್ಪು, ಒಳಗೆ ಅಸಲಿ ಮಾಲು. ಹುಟ್ಟಿದಾಗಿನಿಂದ ಹನಿ ಮುಟ್ಟದ ಒಬ್ಬ ಆಚಾರ್ರ ಮಗ, ಒಬ್ಬ ನಮಾಜಿ, ಇಬ್ಬರೂ ಅದನ್ನು ಶ್ರದ್ಧೆಯಿಂದ ಬರೆದುಕೊಂಡೆವು.

ವೈನಿ ಕೇಳಿ ಹಣೆ ಚಚ್ಚಿಕೊಂಡರು. "ಬರ್ರಿ ಅಂದ್ರ ಊಟಕ್ಕ ಕರದಂಗ. ಅದನ್ನೇ ಊಟ ಅಂತ ತಿಳಕೊಂಡಾರಂದ್ರ ಅವ್ರೆಂಥಾ ಮ್ಯಾನೇಜರ್ ರೀ!"

"ನೀ ಮಾಡು ತೋ! ಪಟ್ಟಿ ಅವರ ಕೈಯಾಗ ಅದ," ಎಂದ ಪ್ರಾಣೇಶ.

ಶನಿವಾರ ಮಧ್ಯಾಹ್ನದಿಂದ ವೈನಿ ಒಲೆ ಮುಂದೆ. ಮೊದಲ ಜೋಳದ ರೊಟ್ಟಿಗಳು ಸುತ್ತಿದರೆ ಟರ್ರನೆ ಹರಿದವು. ಎಸರು ಚೆನ್ನಾಗಿ ಕುದಿಸಿ, ಹಿಟ್ಟು ನಾದಿ, ಬಿಸಿ ಬಿಸಿ ಸುತ್ತಿದಾಗ ಮಾತು ಕೇಳಿದವು. ಒಳಗೆ ಮಡಿಕಿ ಕಾಳಿನ ಪಲ್ಯ. ಆಚಾರ್ರ ಮನೆಯಲ್ಲಿ ಉಳ್ಳಾಗಡ್ಡಿ ಬರುವಂತಿಲ್ಲ, ಹಾಗಾಗಿ ಮೆಕ್ಸಿಕೊದ ಚಟ್ನಿಗೆ ಇಂಗು ಬಿತ್ತು. ಪ್ರಾಣೇಶ ಏನು ಮಾಡಿದ? ಹೊಸ ಅಂಗಿ ಹಾಕಿಕೊಂಡ.

"ಭಾಯ್, ನಿಮ್ಮ ಮನಿ ಗಾಜಿನ ಗ್ಲಾಸು ಕೊಡ್ರಿ. ನಮ್ಮ ಬೆಳ್ಳಿ ಲೋಟ ದೇವರ ಮುಂದಿಡೋವು," ಎಂದರು ವೈನಿ. ಕೊಟ್ಟೆ. ಸಾಹೇಬರು ಬರುವಾಗ ಅಸಲಿ ಮಾಲಿನ ಬಾಟಲಿ ತಾವೇ ತಂದು, ನಮ್ಮ ನಿಂಬೆ ಶರಬತ್ತಿಗೆ ಧಾರಾಳವಾಗಿ ಸುರಿದರು. ವೈನಿಯ ಮನೆಯ ಮಡಿ ಉಳಿಯಿತು, ನನ್ನ ಹೆಂಡತಿ ಮುಸರತ ಮರುದಿನವೇ ಆ ಗ್ಲಾಸುಗಳನ್ನು ತಿಪ್ಪೆಗೆಸೆದಳು.

ಸಾಹೇಬರು ಐದು ತಿಂದರು. ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಆರನೆಯದಕ್ಕೆ ಕೈ ಹಾಕಿದರು. ಆಮೇಲೆ ಅದನ್ನು ಎತ್ತಿ ಹಿಡಿದು, ಮಾಡಿದವರು ಯಾರೆಂದು ಕೇಳಿದರು: "ಯೇ ಬನಾಯಾ ಕಿಸನೇ?"

ಕೈತುಂಬ ಹಿಟ್ಟು ಮೆತ್ತಿಕೊಂಡು ವೈನಿ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ಪ್ರಾಣೇಶ ಎಲ್ಲ ತಾನೇ ಮಾಡಿದವನಂತೆ ಎದೆಯುಬ್ಬಿಸಿದ. "ಮೈಚ್ ಬನಾಯಾ ತೋ, ಸರ್! ಪೂರಾ ಮೈಚ್!"

ನನಗೆ ಮೈಯೆಲ್ಲ ಉರಿದುಹೋಯಿತು. ವೈನಿ ಸೆರಗಿಗೆ ಕೈ ಒರೆಸಿಕೊಂಡರು.

ಸಾಹೇಬರು ಅವನನ್ನು ತಬ್ಬಿಕೊಂಡರು. ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಬೇಕೆಂದೇ ಇದ್ದರಂತೆ. ಆದರೆ ದೀಪಾವಳಿ ಮುಗಿದರೆ ರಾಜಸ್ಥಾನದ ಘಟಕ ಅವರ ಕೈಗೇ ಬರುವುದಿತ್ತು. ಇಂಥ ಅಡುಗೆಯ ಕೈಯನ್ನು ವಾಡಿಯಲ್ಲಿ ಬಿಟ್ಟು ಹೋಗುವುದುಂಟೆ? ಅಲ್ಲಿನ ಗೆಸ್ಟ್‌ಹೌಸಿನ ಅಡುಗೆಯೂ ಇನ್ನು ಪ್ರಾಣೇಶನದೇ. ಜೇಬಿನಿಂದ ಪಟ್ಟಿ ತೆಗೆದು ಅಲ್ಲೇ ಸಹಿ ಹಾಕಿದರು.

ಸಾಹೇಬರ ಜೀಪು ಹೋಯಿತು. ಪ್ರಾಣೇಶ ಕುರ್ಚಿಯಲ್ಲಿ ಕುಸಿದ. "ನರ್ಮದಾ, ಸಾಮಾನು ಕಟ್ಟಬೇಕಲ್ಲ..."

"ಯಾರ ಸಾಮಾನು?" ವೈನಿ ತಟ್ಟೆ ಎತ್ತುತ್ತಲೇ ಕೇಳಿದರು. "ಅವ್ರು ಕರದದ್ದು ಅಡಗಿ ಮಾಡಿದವ್ರಿಗಿ. ನಾ ಏನ್ ಮಾಡೀನಿ? ಸೋಮವಾರ ನನಗ ಸಾಲಿ ಅದ." ಒಳಗೆ ಹೋಗಿ ರೊಟ್ಟಿ ಹಂಚು ತಂದು ಅವನ ತೊಡೆಯ ಮೇಲಿಟ್ಟರು.

ಅವನು ಹೋದ, ಹಂಚು ಹೊತ್ತುಕೊಂಡೇ. ವೈನಿ ಜೂನಿನಲ್ಲಿ ಹೆಡ್‌ಮಿಸ್ ಆದರು. ಪ್ರತಿ ಶನಿವಾರ ಮಧ್ಯಾಹ್ನ ಶಾಲೆಯ ಫೋನು ಬಡಿದುಕೊಳ್ಳುತ್ತಿತ್ತು. ಒಮ್ಮೆ ನಾನೂ ಅಲ್ಲಿದ್ದೆ. ಅಷ್ಟು ದೂರದಿಂದಲೂ ಅವನ ಅಳುದನಿ ನನಗೆ ಕೇಳಿಸುತ್ತಿತ್ತು.

"ನರ್ಮದಾ, ರೊಟ್ಟಿ ಇವತ್ತೂ ಹರ್ಯಾಕತ್ತಾವ. ಸಾಹೇಬ್ರು ಬರೋ ಹೊತ್ತಾತು!"

ಹೆಡ್‌ಮಿಸ್ ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಎಸರು ಚಲೋ ಕುದಸ್ರಿ ತೋ," ಎಂದು ಫೋನಿಟ್ಟರು.