ಆಲಿವ್ ಎಣ್ಣೆ ಮತ್ತು ನನ್ನ ಪಾಲಿನ ಕೊಬ್ಬು

ನನ್ನ ಎದೆಯೊಳಗೆ ಎರಡು ಸ್ಟೆಂಟ್ ಕೂತ ಮೇಲೆ ಹಾಸನದ ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು, ಇನ್ನು ಮುಂದೆ ನೀವು ಮೆಡಿಟರೇನಿಯನ್ ಥರ ಊಟ ಮಾಡಬೇಕು ಅಂದರು. ನಾನು ಸಕಲೇಶಪುರದ ಕಡೆಯವನು, ನಮ್ಮಲ್ಲಿ ಅದು ಸಿಗುವುದಿಲ್ಲ ಅಂದೆ. ಅದೊಂದು ಸಮುದ್ರವಂತೆ. ಅದರ ದಡದ ಜನ ಆಲಿವ್ ಎಣ್ಣೆ, ಮೀನು, ಸೊಪ್ಪು, ಕಾಳು, ಬಾದಾಮಿ ತಿಂದುಕೊಂಡು ಹೃದಯದ ಕಾಯಿಲೆ ಹತ್ತಿರ ಸುಳಿಯದ ಹಾಗೆ ಇದ್ದುಬಿಡುತ್ತಾರಂತೆ. ಅವರು ಹಂದಿ ತಿನ್ನುವುದಿಲ್ಲವಾ ಅಂತ ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಪಥ್ಯ ಯಾವತ್ತು ಮುಗೀತೈತೆ ಸಾರ್?"

"ಇದು ಪಥ್ಯ ಅಲ್ಲ, ಊಟ. ನೀವು ಇರೋವರೆಗೂ."

ನಮ್ಮ ಕಡೆ ಡಾಕ್ಟರು ಹೇಳಿದ್ದೆಲ್ಲ ಔಷಧಿಯೇ, ಔಷಧಿಯನ್ನು ಊಟವಾದ ಮೇಲೆ ತೆಗೆದುಕೊಳ್ಳಬೇಕು. ಹಾಗಾಗಿ ಮೊದಲ ತಿಂಗಳು ನಾನು ಯಾವತ್ತಿನ ಹಾಗೆ ಅಕ್ಕಿರೊಟ್ಟಿ, ಬೆಣ್ಣೆ, ಬಾಡಿನ ಸಾರು ಎಲ್ಲ ಹೊಡೆದು, ಆಮೇಲೆ ಮೂಗು ಹಿಡಿದುಕೊಂಡು ಚಮಚದಲ್ಲಿ ಆಲಿವ್ ಎಣ್ಣೆ ಕುಡಿದೆ. ಹೆಂಡತಿ ಆ ಬಾಟಲಿಯನ್ನು ಮಾತ್ರೆಗಳ ಪಕ್ಕದಲ್ಲೇ ಇಟ್ಟಿದ್ದಳು. ಬಾದಾಮಿಯನ್ನೂ ಮೇಲಿಂದ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಮುಂದಿನ ಸಲ ನನ್ನ ತೂಕ ನೋಡಿ ಡಾಕ್ಟರಿಗೇ ಎದೆನೋವು ಬರುವ ಹಾಗಾಯಿತು. ಅದರ ಬದಲು ಇದನ್ನು ತಿನ್ನಬೇಕು, ಅದರ ಜೊತೆಗಲ್ಲ ಅಂತ ಹೊರಗೆ ಕೂತವರಿಗೂ ಕೇಳುವಂತೆ ಹೇಳಿದರು. ಮೊದಲೇ ಹೇಳಬಾರದಿತ್ತೆ?

ಅಲ್ಲಿಂದ ನನ್ನ ಬಾಯಿಗೆ ಶನಿ ಶುರುವಾಯಿತು. ಮೀನೇನೋ ಸರಿ. ಕರಾವಳಿಯಿಂದ ಘಾಟಿ ಹತ್ತಿ ಮಾರನಹಳ್ಳಿ ದಾಟಿ ಐಸ್ ಪೆಟ್ಟಿಗೆಯಲ್ಲಿ ಬಂಗುಡೆ ಬರುತ್ತಿತ್ತು. ಆದರೆ ಅಕ್ಕಿರೊಟ್ಟಿಗೆ ಆಲಿವ್ ಎಣ್ಣೆ ಸವರಿದರೆ ಹೊಸ ಚಪ್ಪಲಿಯ ವಾಸನೆ. ಹಸಿ ಸೊಪ್ಪಿನ ತಟ್ಟೆ ಮುಂದೆ ಕೂತಾಗಲೇ ಸರಿಯಾಗಿ ನನ್ನ ತಮ್ಮ ಬರುತ್ತಿದ್ದ.

"ಅಣ್ಣ, ಕೊಟ್ಟಿಗೇಲಿ ದನ ಖಾಲಿ ಆಯ್ತು ಅಂತ ನೀನೇ ಮೇಯಕ್ಕೆ ಕೂತ್ಬುಟ್ಟಾ?"

ಅವನ ಮನೆ ನಮ್ಮ ಕಾಫಿ ಕಣದ ಆಚೆ ತುದಿಯಲ್ಲಿದೆ. ಅದೇ ಕಣದಲ್ಲಿ ಕಾಫಿ ಕೆದಕುತ್ತಿದ್ದ ಅಪ್ಪ ಒಂದು ಬೆಳಿಗ್ಗೆ ಕುಸಿದು ಕೂತವರು ಮತ್ತೆ ಏಳಲಿಲ್ಲ. ಆಗ ಅಪ್ಪನಿಗೆ ಎಷ್ಟಾಗಿತ್ತೋ ಈಗ ತಮ್ಮನಿಗೆ ಅಷ್ಟೇ ವಯಸ್ಸು. ಆಸ್ಪತ್ರೆಗೆ ಹೋಗಿ ತೋರಿಸಿಕೋ ಅಂತ ನಾನು ಹೇಳಿದೆ, ಅವನ ಹೆಂಡತಿ ಅತ್ತಳು. ಆಸ್ಪತ್ರೆಗೆ ಹೋದವರಿಗೇ ಕಾಯಿಲೆ ಇರುವುದು, ಹೋಗದವರಿಗೆ ಇಲ್ಲ ಅನ್ನುವುದು ಅವನ ಸಿದ್ಧಾಂತ.

ನಮ್ಮೂರಲ್ಲಿ ಆಗಾಗ ಕೆಲವು ಮನೆಯವರು ಸೇರಿ ಹಂದಿ ಕಡಿದು ಗುಡ್ಡೆ ಹಾಕುತ್ತೇವೆ. ಬಾಳೆ ಎಲೆಗಳ ಮೇಲೆ ಮನೆಗೊಂದು ಗುಡ್ಡೆ. ಮಾಂಸ, ಮೂಳೆ, ಕೊಬ್ಬು ಎಲ್ಲ ಸಮಪಾಲು. ಆರಿಸಿಕೊಳ್ಳುವಂತಿಲ್ಲ, ಬೇಡ ಅನ್ನುವಂತೆಯೂ ಇಲ್ಲ. ಬೇಡ ಅಂದರೆ ಆ ಮನೆ ಊರಿನ ಲೆಕ್ಕದಿಂದ ಬಿಟ್ಟುಹೋದ ಹಾಗೆ. ಹಾಗಾಗಿ ಸ್ಟೆಂಟ್ ಹಾಕಿಸಿಕೊಂಡವನಿಗೂ ಗುಡ್ಡೆ ಬೀಳುತ್ತಲೇ ಇತ್ತು. ನಾನು ಚೂರು ಮಾಂಸ ಇಟ್ಟುಕೊಂಡು ಕೊಬ್ಬನ್ನೆಲ್ಲ ಪಕ್ಕದ ಎಲೆಗೆ, ಅಂದರೆ ತಮ್ಮನ ಎಲೆಗೆ ಸರಿಸುತ್ತಿದ್ದೆ. ಹಾಗೆ ಸರಿಸಿದ ಒಂದು ದಿನ ಅವನು ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದು ಎಲ್ಲರೆದುರು ಸವಾಲು ಹಾಕಿದ.

"ಪಂದ್ಯ ಕಟ್ಟು ಅಣ್ಣ. ನೀನು ಆ ಎಣ್ಣೆ ಕುಡಿ, ನಾನು ನಿನ್ ಕೊಬ್ಬೂ ನನ್ ಕೊಬ್ಬೂ ಎರಡೂ ತಿಂತೀನಿ. ಒಂದೇ ಅಪ್ಪನ ಮಕ್ಳು, ಒಂದೇ ಬಾವಿ ನೀರು. ಒಂದು ವರ್ಷ ಆಗ್ಲಿ, ಯಾರ್ ಎದೆ ಗಟ್ಟಿ ಐತೆ ನೋಡೇಬುಡಣ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಅವನ ಕೈಯಲ್ಲಿದ್ದ ಆ ಬಿಳಿ ಮುದ್ದೆ ನೋಡಿ ನನಗೆ ಭಯವಾಯಿತು. ಅದು ನನ್ನ ಪಾಲು. ನನ್ನ ಎದೆಗೆ ಬೇಡವಾದದ್ದನ್ನು ನಾನು ಅವನ ಎದೆಗೆ ದಾಟಿಸುತ್ತಿದ್ದೆ.

ಡಾಕ್ಟರು ಬೈಯುತ್ತಾರೆ ಅಂದುಕೊಂಡೇ ಈ ಪಂದ್ಯದ ವಿಷಯ ಹೇಳಿದೆ. ಅವರಿಗೆ ಖುಷಿಯಾಗಿಬಿಟ್ಟಿತು. "ಒಳ್ಳೆ ಪರೀಕ್ಷೆ. ಆದರೆ ಶುರುವಿನಲ್ಲೇ ಇಬ್ಬರನ್ನೂ ಅಳೀಬೇಕಲ್ಲ? ಇಲ್ಲದಿದ್ರೆ ಯಾರಿಗೆ ಏನಾಯ್ತು ಅಂತ ಹೇಗೆ ಗೊತ್ತಾಗುತ್ತೆ? ಕರ್ಕೊಂಡ್ ಬನ್ನಿ," ಅಂದರು. ನಾನು ಮನೆಗೆ ಬಂದು, ಅಳತೆಗೆ ಬರದಿದ್ದರೆ ಪಂದ್ಯ ನಾನೇ ಗೆದ್ದ ಹಾಗೆ ಅಂತ ತಮ್ಮನಿಗೆ ಹೇಳಿದೆ. ಹೆಂಡತಿಯ ಕಣ್ಣೀರಿಗೆ ಅಲುಗದ ಗಂಡು, ಅಣ್ಣನಿಗೆ ಸೋಲಬಾರದು ಅಂತ ಮಾರನೇ ದಿನವೇ ಇಸ್ತ್ರಿ ಶರಟು ಹಾಕಿಕೊಂಡು ಹೊರಟ. ದಾರಿಯಲ್ಲಿ ಆಲೂರಿನಲ್ಲಿ ಇಳಿದು ಬೋಂಡ ತಿಂದು, ಪಂದ್ಯ ಇನ್ನೂ ಶುರುವಾಗಿಲ್ಲ ಅಂದ.

ಆಸ್ಪತ್ರೆಯಲ್ಲಿ ಅವನ ಎದೆಗೆ ವೈರು ಅಂಟಿಸಿ ಓಡುವ ಯಂತ್ರದ ಮೇಲೆ ನಿಲ್ಲಿಸಿದರು. ವನಗೂರಿನ ಏರನ್ನು ಜೀಪಿಲ್ಲದೆ ಹತ್ತುವವನು ನಾನು, ಇದ್ಯಾವ ಲೆಕ್ಕ ಅಂತ ನರ್ಸಿನ ಹತ್ತಿರ ಜಂಬ ಕೊಚ್ಚುತ್ತಲೇ ನಡೆದ. ಅವನ ಜಂಬ ಮುಗಿಯುವ ಮೊದಲೇ ಡಾಕ್ಟರು ಯಂತ್ರ ನಿಲ್ಲಿಸಿದರು. ಈಗ ಅವರ ಮುಖದಲ್ಲಿ ನಗುವಿರಲಿಲ್ಲ. ಇವರು ಊರಿಗೆ ವಾಪಸ್ ಹೋಗುವುದು ಬೇಡ, ಈಗಲೇ ಸೇರಿಸಿ ಅಂದರು. ಒಳಗೆ ನೋಡಿದಾಗ ದೊಡ್ಡ ರಕ್ತನಾಳವೇ ಹೆಚ್ಚುಕಮ್ಮಿ ಮುಚ್ಚಿಹೋಗಿತ್ತು.

ಸ್ಟ್ರೆಚರಿನ ಮೇಲೆ ಮಲಗಿದ ತಮ್ಮ ನನ್ನ ಕೈ ಹಿಡಿದುಕೊಂಡ. "ಅಣ್ಣ, ಅಪ್ಪಂಗೂ ಇದೇ ಆಗಿತ್ತಾ?"

ಅವನನ್ನು ಸ್ಟೆಂಟ್ ಹಾಕಲು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗೆ ಕೂತು ಮನೆದೇವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈದಿದ್ದನ್ನು ದೇವರು ಮನಸ್ಸಿಗೆ ಹಚ್ಚಿಕೊಂಡರೆ ಕಷ್ಟ ಅನ್ನಿಸಿ, ಕೂಡಲೇ ಒಂದು ಹರಕೆಯನ್ನೂ ಹೊತ್ತೆ.

ಅವನು ಬದುಕಿ ಮನೆಗೆ ಬಂದ. ಡಾಕ್ಟರು ಅವನ ಕೈಗೂ ಅದೇ ಸಮುದ್ರ ಕೊಟ್ಟು ಕಳಿಸಿದರು. ಹಾಗಾಗಿ ಪಂದ್ಯದಲ್ಲಿ ಕೊಬ್ಬಿನ ಪಕ್ಷಕ್ಕೆ ಆಳೇ ಉಳಿಯಲಿಲ್ಲ. ಇಬ್ಬರೂ ಒಂದೇ ತಿಂದರೆ ಹೋಲಿಸುವುದು ಯಾರನ್ನು ಯಾರ ಜೊತೆ? ಆ ಊಟ ನಿಜವಾಗಿ ಹೃದಯವನ್ನು ಕಾಯುತ್ತದೋ ಇಲ್ಲವೋ, ನಮ್ಮ ಪರೀಕ್ಷೆಯಿಂದಂತೂ ಗೊತ್ತಾಗಲಿಲ್ಲ. ಒಂದು ಪರೀಕ್ಷೆ ಹಾಳಾಗಿಹೋದದ್ದಕ್ಕೆ ನನ್ನಷ್ಟು ಸಂತೋಷಪಟ್ಟವನು ಇನ್ನೊಬ್ಬನಿರಲಾರ. ಗುಡ್ಡೆ ಹಾಕುವ ದಿನ ಈಗ ನಾವಿಬ್ಬರೂ ಕೊಬ್ಬು ಸರಿಸುತ್ತೇವೆ. ನಮ್ಮ ಪಕ್ಕದಲ್ಲಿ ಎಲೆ ಹಾಸಲು ಜನ ಹೆದರುತ್ತಾರೆ.

ಮೊನ್ನೆ ನಮ್ಮ ಮನೆ ಜಗಲಿಯಲ್ಲಿ ಇಬ್ಬರೂ ಹೆಸರುಕಾಳಿನ ಉಸಲಿ ಇಟ್ಟುಕೊಂಡು ಕೂತಿದ್ದೆವು. ಅವನ ಮೊಮ್ಮಗಳು, ಈಗತಾನೇ ಹಲ್ಲು ಬರುತ್ತಿರುವ ಕೂಸು, ಕಣದಲ್ಲಿ ಅಂಬೆಗಾಲಿಡುತ್ತಾ ಕಾಫಿ ಹಣ್ಣು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು. ತಮ್ಮ ತನ್ನ ಬಟ್ಟಲನ್ನು ದೂರ ತಳ್ಳಿದ.

"ಅಣ್ಣ, ಈ ಪಥ್ಯ ಯಾವತ್ತು ಮುಗೀತೈತೆ?"

ಡಾಕ್ಟರು ನನಗೆ ಕೊಟ್ಟಿದ್ದ ಉತ್ತರ ನಾಲಿಗೆ ತುದಿಗೆ ಬಂತು. ಆ ಕಣದ ಎದುರು ಕೂತು ಅವನಿಗೆ ಅದನ್ನು ಹೇಳಲು ನನ್ನಿಂದಾಗಲಿಲ್ಲ.

"ನಿನ್ ಮೊಮ್ಮಗಳ ಮದ್ವೆ ಬೀಗರೂಟದ ದಿನ," ಅಂದೆ. "ಅವತ್ತು ನನ್ ಪಾಲಿನ ಕೊಬ್ಬೂ ನಿಂಗೇ."

ಅವನು ಕೂಸನ್ನು ನೋಡಿ ಬೆರಳು ಮಡಚಿ ವರ್ಷ ಎಣಿಸಿದ.

"ಅಷ್ಟೊತ್ಗೆ ನಂಗೆ ಹಲ್ಲಿರಲ್ಲ ಕಣಣ್ಣ."

"ನುಣ್ಣಗೆ ಬೇಯಿಸ್ತೀನಿ ಮಾರಾಯ. ನೀನು ಇರು ಸಾಕು."

ಅವನು ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡ.